ಎಣ್ಣೆಯಲ್ಲಿಟ್ಟ ಕುಂಚಗಳು

ಜೂನ್ ಕೊನೆಯ ವಾರ ಗಸ್‌ನ ಹೆಸರಿಗೆ ಒಂದು ಇಮೇಲ್ ಬಂತು. ‘ದಿನಕ್ಕೊಂದು ಅಕ್ಷರದ ಸವಾಲಿಗೆ ಇನ್ನು ಮೂರೇ ದಿನ. ಕುಂಚ ಸಿದ್ಧವೇ, ಫರ್ಗಸ್?’ ಎಂದಿತ್ತು. ಗಸ್ ಸತ್ತು ಆರು ವಾರ ಕಳೆದಿತ್ತು.

ಫರ್ಗಸ್ ಲೇವರಿ ನನ್ನ ಗಂಡ. ಅಂಗಡಿಗಳ ಫಲಕ ಬರೆಯುವವನು. ನಮ್ಮ ಕಡಲೂರು ಕಟ್ಲರ್ಸ್ ಬೇಯ ಬೇಕರಿ, ಮೀನಿನಂಗಡಿ, ಜೆಟ್ಟಿಯಲ್ಲಿ ಕಟ್ಟಿದ ಹದಿನಾರು ದೋಣಿಗಳ ಮೂತಿ, ನಮ್ಮೂರಲ್ಲಿ ಕೈಯಿಂದ ಬರೆದ ಅಕ್ಷರ ಎಲ್ಲಿ ಕಂಡರೂ ಅವನದೇ. ಮೇ ಹದಿನಾಲ್ಕರ ಬೆಳಿಗ್ಗೆ ತಲೆನೋವು ಎಂದ. ಮಾತ್ರೆ ತಗೋ ಎಂದು ಹೇಳಿ ನಾನು ಕೆಲಸಕ್ಕೆ ಹೋದೆ. ಅಳಿವೆಯಲ್ಲಿ ಸಿಂಪಿ ಬೆಳೆಸುವವರ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹನ್ನೊಂದೂವರೆಗೆ ದೋಣಿ ದಡಕ್ಕೆ ಬಂದಾಗ ಪಕ್ಕದ ಮನೆಯವರ ಒಂಬತ್ತು ಕರೆಗಳಿದ್ದವು. ಮಿದುಳಿನ ರಕ್ತನಾಳ ಎಂದರು. ಅವನಿಗೆ ಮೂವತ್ತನಾಲ್ಕು, ನನಗೆ ಮೂವತ್ತೊಂದು.

ಇಮೇಲ್ ಬಂದ ಸಂಜೆಯೇ ರೇಲೀನ್ ಬಂದಳು. ಅವಳು ಸರ್ಫ್ ಕ್ಲಬ್ಬಿನ ಕಾರ್ಯದರ್ಶಿ. ಬೇಸಿಗೆಯಿಡೀ ಕಡಲತೀರದಲ್ಲಿ ಕಾವಲು ನಿಂತು ಮುಳುಗುವವರನ್ನು ಎಳೆದು ತರುವ ಕ್ಲಬ್ಬು ಅದು. ಕೈಯಲ್ಲಿ ಟ್ಯೂನಾ ಪಾಸ್ತಾದ ಡಬ್ಬಿ. ಫ್ರೀಜರಿನಲ್ಲಿ ಆಗಲೇ ಅಂಥವು ಏಳಿದ್ದವು.

“ತಿಂತಿದ್ದೀಯೇನೇ, ನೆರಿ?”

“ತಿಂತಿದ್ದೀನಿ.”

“ಸುಳ್ಳು ಬೊಗಳಬೇಡ. ಹೋದ್ವಾರ ನಾನೇ ತಂದಿಟ್ಟಿದ್ದು ಹಾಗೇ ಕೂತಿದೆ, ನೋಡು. ಮುಚ್ಚಳ ಕೂಡ ತೆಗೆದಿಲ್ಲ.”

ಚಹಾ ಕೊಟ್ಟೆ. ಅವಳು ಲೋಟ ತಿರುಗಿಸುತ್ತ ಕೂತಳು. ಬಂದದ್ದು ಪಾಸ್ತಾಕ್ಕಲ್ಲ ಎಂದು ಗೊತ್ತಾಯಿತು.

“ಆಗಸ್ಟ್ ಹನ್ನೊಂದಕ್ಕೆ ವಾರ್ಷಿಕ ಸಭೆ. ಫಲಕದಲ್ಲಿ ಗಸ್ ಹೆಸರು ಬರ್ಬೇಕು.”

ಕ್ಲಬ್ಬಿನ ಮಹಡಿಯಲ್ಲಿ ಕ್ಯಾಪ್ಟನ್‌ಗಳ ಹೆಸರಿನ ದೊಡ್ಡ ಮರದ ಫಲಕವಿದೆ. ನಮ್ಮ ಕಡೆ ಚಳಿಗಾಲ ಜೂನ್‌ನಿಂದ ಆಗಸ್ಟ್. ಪ್ರತಿ ಚಳಿಗಾಲ, ಸಭೆಗೆ ಮೊದಲು, ಮುಗಿದ ವರ್ಷದ ಕ್ಯಾಪ್ಟನ್ ಹೆಸರನ್ನು ಚಿನ್ನದ ಬಣ್ಣದಲ್ಲಿ ಸೇರಿಸುತ್ತಾರೆ. ನಲವತ್ತು ಚಿಲ್ಲರೆ ವರ್ಷ ಅದನ್ನು ಬರೆದವರು ನೆವ್ ಟ್ರಾಂಟರ್. ಅವರ ಕೈ ನಡುಗಲು ಶುರುವಾದ ಮೇಲೆ ಅವರ ಶಿಷ್ಯ ಗಸ್, ಹನ್ನೊಂದು ವರ್ಷ. ಕಳೆದ ವರ್ಷ ಗಸ್‌ನನ್ನೇ ಕ್ಯಾಪ್ಟನ್ ಮಾಡಿದರು. ಫಲಕ ಬರೆಯುವವನು ತನ್ನ ಹೆಸರನ್ನು ತಾನೇ ಬರೆಯಬಾರದು. ಆ ಕಸುಬಿನವರಲ್ಲಿ ಅದೊಂದು ಕಟ್ಟಳೆ. ಆವತ್ತು ಬಾರಿನಲ್ಲಿ ಎಲ್ಲರೂ ಅವನನ್ನು ಕಾಡಿಸಿದ್ದರು.

“ನಿನ್ನ ಹೆಸರು ಯಾರಪ್ಪಾ ಬರೀತಾರೆ?”

“ನೆವ್‌ನ ಕುರ್ಚಿ ಮೇಲೆ ಹತ್ತಿಸ್ತೀನಿ,” ಎಂದಿದ್ದ ಗಸ್. “ಕೈ ನಡುಗತ್ತಲ್ಲ, ಅಕ್ಷರಕ್ಕೆ ಒಳ್ಳೇ ಗುಂಗುರು ಬರತ್ತೆ.”

“ನಡುಗೋ ಕೈಲೇ ನಿನ್ನ ಕಿವಿ ಹಿಂಡ್ತೀನಿ, ಬಾ,” ಎಂದಿದ್ದರು ನೆವ್.

ರೇಲೀನ್ ಲೋಟ ಕೆಳಗಿಟ್ಟಳು. “ಬೇಗಾ ಪಟ್ಟಣದಲ್ಲಿ ಸ್ಟಿಕ್ಕರ್ ಕತ್ತರಿಸೋರಿದ್ದಾರೆ. ಚಿನ್ನದ ಬಣ್ಣದ್ದೇ. ಹತ್ರ ಹತ್ರ ಅದೇ ತರದ ಅಕ್ಷರ ಸಿಗತ್ತಂತೆ. ದೂರದಿಂದ ಗೊತ್ತಾಗಲ್ಲ.”

“ಹತ್ತಿರದಿಂದ?”

ಅವಳು ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು.

“ನಾನು ಬರೀತೀನಿ,” ಎಂದೆ.

“ನೀನಾ? ನೆರಿ, ನಿನ್ನ ಕೈಬರಹ ಕೋಳಿ ಕೆದರಿದ ಹಾಗಿರತ್ತೆ ಕಣೇ.”

“ಇನ್ನೂ ಆರು ವಾರ ಇದೆ.”

ಅವಳು ನನ್ನನ್ನು ನೋಡಿದಳು. ಬೇಡ ಎನ್ನಲು ಅವಳಿಗೆ ಧೈರ್ಯವಾಗಲಿಲ್ಲ. ಆಗ ಯಾರಿಗೂ ಆಗುತ್ತಿರಲಿಲ್ಲ. “ಆಗಸ್ಟ್ ಎರಡು, ಶುಕ್ರವಾರ. ಅಷ್ಟರೊಳಗೆ ಹೇಳು. ಆಮೇಲೆ ನಾನು ಆರ್ಡರ್ ಕೊಟ್ಟೇ ಕೊಡ್ತೀನಿ. ಆ ಸಾಲು ಖಾಲಿ ಇರೋ ಫಲಕದ ಮುಂದೆ ನಿಂತು ಸಭೆ ಮಾಡೋಕೆ ನನ್ನ ಕೈಲಾಗಲ್ಲ.”

ಗಸ್ ಪ್ರತಿ ವರ್ಷ ಆ ಸವಾಲಿಗೆ ಸೇರುತ್ತಿದ್ದ. ಜುಲೈ ಒಂದರಿಂದ ಮೂವತ್ತಾರು ದಿನ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ. ದಿನಕ್ಕೊಂದು ಬರೆದು ಚಿತ್ರ ತೆಗೆದು ಹಾಕಬೇಕು. ಎಲ್ಲೆಲ್ಲಿಯವರೋ ಅಂದು ಅದೇ ಅಕ್ಷರವನ್ನು ಬರೆದಿರುತ್ತಾರೆ. ಬಹುಮಾನ ಏನೂ ಇಲ್ಲ.

“ದಿನವಿಡೀ ಅಕ್ಷರ ಬರೆದೇ ಹೊಟ್ಟೆ ಹೊರೀತೀಯ,” ಎಂದು ಮದುವೆಯಾದ ವರ್ಷ ಕೇಳಿದ್ದೆ. “ಮತ್ತೆ ಚಳೀಲಿ ಆರು ಗಂಟೆಗೆ ಎದ್ದು ಇನ್ನೊಂದು ಯಾಕೆ?”

“ಅವೆಲ್ಲ ಬೇಕರಿಯವನ ಅಕ್ಷರ. ಇದೊಂದು ನಂದು.”

“ಆಮೇಲೆ ಬಂದು ಹಾಸಿಗೇಲಿ ನನ್ನ ಕಾಲಿಗೆ ಐಸ್‌ನಂಥ ಕಾಲು ತಗಲಿಸ್ತೀಯಲ್ಲ, ಅದು?”

“ಅದು ಬಹುಮಾನ.”

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ಬೆಂಚಿದೆ. ಅದರ ಮೇಲಿನ ಹಲಗೆಯಲ್ಲಿ ಸವಾಲಿಗೆಂದು ತನಗೇ ಮಾಡಿಕೊಂಡ ನಿಯಮಗಳನ್ನು ಬಡಗಿ ಪೆನ್ಸಿಲಿನಲ್ಲಿ ಬರೆದಿದ್ದ. ಒಂದೊಂದು ಸಾಲು ಒಂದೊಂದು ವರ್ಷದ್ದು. ಶುರು ಮಾಡುವ ಮೊದಲೇ ಏನು ಕಲಿಯಬೇಕೆಂದು ಆರಿಸಿಕೋ, ಒಂದೇ ಒಂದು. ಕಾಗದ, ಬಣ್ಣ, ಎತ್ತರ ಬದಲಿಸಬೇಡ. ಕೆಟಲ್ ಎರಡು ಸಲ ಕುದಿಯುವಷ್ಟೇ ಹೊತ್ತು. ನಿನ್ನದು ಮುಗಿಯುವ ತನಕ ಬೇರೆಯವರದನ್ನು ನೋಡಬೇಡ. ಕೆಟ್ಟದ್ದನ್ನೂ ಹಾಕು. ಒಂದು ದಿನ ತಪ್ಪಿದರೆ ತಪ್ಪಿತು. ಒಂದೇ ದಿನ ಎರಡು ಮಾಡಬೇಡ. ಮುಗಿದ ಮೇಲೆ ಇವತ್ತು ಏನು ಕಂಡೆ ಎಂದು ಒಂದು ಸಾಲು ಬರೆ, ಹೆಚ್ಚು ಬೇಡ.

ಏನು ಕಲಿಯಬೇಕೆಂದು ಆರಿಸುವುದು ನನಗೆ ಕಷ್ಟವಾಗಲಿಲ್ಲ. ಗಸ್‌ನ ಕೈ.

ಬೆಂಚಿನ ಮೇಲೆ ಬಿಸ್ಕತ್ತಿನ ಚಪ್ಪಟೆ ಡಬ್ಬಿಯಿತ್ತು. ಒಳಗೆ ಆರು ಕುಂಚಗಳು. ಈ ಕಸುಬಿನವರು ಕುಂಚವನ್ನು ತೊಳೆದು ಒಣಗಲು ಬಿಡುವುದಿಲ್ಲ. ತೊಳೆದು, ಎಣ್ಣೆಯಲ್ಲಿ ಅದ್ದಿ, ಕೂದಲನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಉಳಿಯ ಬಾಯಿಯ ಹಾಗೆ ಚಪ್ಪಟೆ ಮಾಡಿ ಮಲಗಿಸುತ್ತಾರೆ. ಮುಂದಿನ ಸಲ ತೊಳೆಯುವ ತನಕ ಕೂದಲು ಬೆರಳು ಕೊಟ್ಟ ಆಕಾರದಲ್ಲೇ ಇರುತ್ತದೆ. ಮೇ ಹದಿಮೂರರ ಸಂಜೆ ಗಸ್ ಆರನ್ನೂ ಹಾಗೆ ಇಟ್ಟಿದ್ದ. ಮುಚ್ಚಳ ತೆಗೆದೆ. ಅವನ ಬೆರಳು ಬಿಟ್ಟ ಹಾಗೇ ಇದ್ದವು. ಮುಚ್ಚಳ ಹಾಕಿದೆ.

ಅಂಗಡಿಗೆ ಹೋಗಿ ಶಾಲೆಯ ಮಕ್ಕಳು ಬಳಸುವ ನೈಲಾನ್ ಕುಂಚ ತಂದೆ.

ದಿನದ ಸಾಲನ್ನು ಕೆಲಸದ ಪುಸ್ತಕದಲ್ಲೇ ಬರೆದೆ. ‘ಜುಲೈ 1. ನೀರು 14 ಡಿಗ್ರಿ. ಎ. ಎಡಗಾಲು ತೆಳು, ಬಲಗಾಲು ದಪ್ಪ. ನಾನು ಅದಲುಬದಲು ಮಾಡಿದೆ.’ ಬೇರೆ ಖಾತೆ ತೆರೆಯಬೇಕೆಂದು ತೋಚಲಿಲ್ಲ. ಅವನ ಖಾತೆಯಲ್ಲೇ ಚಿತ್ರ ಹಾಕಿದೆ.

ಮಧ್ಯಾಹ್ನದೊಳಗೆ ಬ್ರೆಜಿಲ್‌ನ ರೆಸಿಫೆಯಿಂದ ಡಾಲ್ವಾ ಎಂಬವಳು ಬರೆದಿದ್ದಳು. ಅವಳೂ ಫಲಕ ಬರೆಯುವವಳೇ; ಗಸ್ ಮತ್ತು ಅವಳು ಆರು ವರ್ಷದಿಂದ ಪ್ರತಿ ಜುಲೈ ಒಬ್ಬರನ್ನೊಬ್ಬರು ಬೈದುಕೊಂಡು ಬಂದವರು, ಮುಖ ನೋಡಿದವರಲ್ಲ. ‘ಬಂದ್ಯಾ ಗಸ್! ಏನೋ ಇದು, ಈ ವರ್ಷ ಎಡಗೈಲಿ ಬರೀತಿದ್ದೀಯಾ?’

ನಾನು ಉತ್ತರಿಸಲಿಲ್ಲ. ಬೈಯುವುದಕ್ಕೆ ಅವನಿನ್ನೂ ಇದ್ದಾನೆ ಎಂದು ತಿಳಿದವರು ಒಬ್ಬರಾದರೂ ಇರಲಿ ಎನಿಸಿತು.

ಶನಿವಾರ ಭಾನುವಾರ ಕ್ಲಬ್ಬಿಗೆ ಹೋಗಿ ಕುರ್ಚಿ ಹತ್ತಿ ಫಲಕವನ್ನು ಅಳೆದೆ. ನನಗೆ ತಿಳಿದ ದಾರಿ ಅದೊಂದೇ. ಗಸ್ ಬರೆದ ಹನ್ನೊಂದು ಸಾಲುಗಳಲ್ಲಿ ‘ಎ’ ಹದಿನೇಳು, ‘ಆರ್’ ಒಂಬತ್ತು, ‘ವೈ’ ಎರಡೇ. ಪ್ರತಿಯೊಂದರ ಅಗಲ, ಎತ್ತರ, ಗೆರೆಯ ದಪ್ಪ. ಪಟ್ಟಿ ಮಾಡಿ ಸರಾಸರಿ ತೆಗೆದೆ. ಆ ಸರಾಸರಿಯ ‘ಎ’ ಫಲಕದಲ್ಲಿ ಎಲ್ಲೂ ಇರಲಿಲ್ಲ. ಕೊನೆಯ ಹೆಸರಿನ ಕೆಳಗೆ ಬಿಳಿ ಪೆನ್ಸಿಲಿನ ಜೋಡಿ ಗೆರೆಗಳಿದ್ದವು. ಅಂಕಣ ಶುರು ಮಾಡಿದ ವರ್ಷವೇ ಅವನು ತಳದ ತನಕ ಗೆರೆ ಎಳೆದುಬಿಟ್ಟಿದ್ದ.

‘ಜುಲೈ 5. ಇ. ನಡುಗೆರೆ ನಡುವಿನಲ್ಲಿಲ್ಲ, ಕೂದಲೆಳೆಯಷ್ಟು ಮೇಲಿದೆ.’

‘ಜುಲೈ 12. ಉಪ್ಪಿನಂಶ 33. ಎಲ್. ಸುಲಭ.’

‘ಜುಲೈ 14. ಎನ್. ಎರಡು ತಿಂಗಳು.’

ಹದಿನೇಳನೇ ದಿನ ಬೇಡ ಅನ್ನಿಸತ್ತೆ ನೋಡು, ಅವತ್ತೊಂದು ದಿನಕ್ಕೋಸ್ಕರಾನೇ ಉಳಿದ ಮೂವತ್ತೈದು ದಿನ ಇರೋದು, ಎಂದು ಗಸ್ ಹೇಳುತ್ತಿದ್ದ. ಹದಿನೇಳರಂದು ನಾನು ಅವನ ಕೋಟು ಹಾಕಿಕೊಂಡು ಶೆಡ್ಡಿನ ನೆಲದ ಮೇಲೆ ಕೂತೆ. ಕೆಟಲ್ ಒಮ್ಮೆ ಕುದಿದು ನಿಂತಿತು. ಎದ್ದು ಮತ್ತೆ ಒತ್ತಿ ಬಂದು ಕೂತೆ. ಅದು ಗುಯ್ಗುಟ್ಟತೊಡಗಿದಾಗ ಎದ್ದು ‘ಕ್ಯೂ’ ಬರೆದೆ. ‘ಕೆಟ್ಟದು. ಹಾಕಿದೆ.’

ಡಾಲ್ವಾ ಬರೆದಳು: ‘ಇದು ಅಕ್ಷರಾನಾ, ಬಾಲ ಇರೋ ಆಲೂಗಡ್ಡೆನಾ?’

ಇಪ್ಪತ್ತೈದಕ್ಕೆ ‘ವೈ’ ಬಂತು. ಅವನ ಹೆಸರಿಗೆ ಬೇಕಾದ ಅಕ್ಷರಗಳೆಲ್ಲ ಕೈಗೆ ಬಂದಿದ್ದವು. ಒಂದು ಹಲಗೆಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಫಲಕದಲ್ಲಿರುವ ಎತ್ತರಕ್ಕೇ ‘ಎಫ್. ಲೇವರಿ’ ಎಂದು, ಎಫ್ ಚುಕ್ಕೆ ಎಲ್-ಎ-ವಿ-ಇ-ಆರ್-ವೈ, ಬರೆದೆ. ಶನಿವಾರ, ಇಪ್ಪತ್ತೇಳಕ್ಕೆ, ಅದನ್ನು ಕ್ಲಬ್ಬಿಗೆ ಒಯ್ದೆ. ರೇಲೀನ್ ನೆವ್‌ರನ್ನೂ ಕರೆಸಿದ್ದಳು. ನೆವ್‌ಗೆ ಎಪ್ಪತ್ತೊಂಬತ್ತು. ಎರಡೂ ಕೈಯಲ್ಲಿ ಚಹಾದ ಮಗ್ಗು ಹಿಡಿದು ಕಿಟಕಿಯ ಹತ್ತಿರ ಕೂತಿದ್ದರು.

ಹಲಗೆಯನ್ನು ಬಾರಿನ ಕಟ್ಟೆಗೆ ಒರಗಿಸಿದೆ.

“ಅಯ್ಯೋ, ಚೆನ್ನಾಗೇ ಬರ್ದಿದ್ದೀಯಲ್ಲೇ!” ಎಂದಳು ರೇಲೀನ್. ಆಮೇಲೆ ತಲೆ ವಾಲಿಸಿದಳು. “ಆದ್ರೆ ಏನೋ...”

“ಹೇಳು.”

“ಆ ‘ಎಲ್’ ಬಾಗಿಲ ಹೊರಗೆ ನಿಂತ ಹಾಗಿದೆ. ಮಿಕ್ಕೋರೆಲ್ಲ ಒಳಗೆ ಊಟಕ್ಕೆ ಕೂತಿದ್ದಾರೆ. ಅದನ್ನ ಯಾರೂ ಕರೆದೇ ಇಲ್ಲ.”

ನಾನೂ ನೋಡಿದೆ. ಹೌದು. ಒಂದೊಂದೇ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ಒಟ್ಟಿಗೆ ಅದು ಅವನ ಹೆಸರಾಗಿರಲಿಲ್ಲ.

“ನಡುವೆ ಜಾಗ ಹ್ಯಾಗೆ ಬಿಟ್ಟೆ?” ಎಂದರು ನೆವ್.

“ಅಳೆದು. ಎಲ್ಲಾ ಕಡೆ ಒಂಬತ್ತು ಮಿಲಿಮೀಟರ್.”

ನೆವ್ ಕಣ್ಣು ಮುಚ್ಚಿ ತೆರೆದರು. “ಅಳೆದಳಂತೆ! ಅಲ್ಲಮ್ಮಾ, ದಿನಕ್ಕೊಂದು ಬರ್ಕೊಂಡು ಬರೋರೆಲ್ಲ ಮಾಡೋ ತಪ್ಪು ಇದು. ಅವನೂ ಮೊದಲನೇ ವರ್ಷ ಮಾಡಿದ್ದ, ಬಡಪಾಯಿ ಬೇಕರಿಯವನ ಫಲಕದಲ್ಲಿ. ಒಂಟಿ ಅಕ್ಷರ ಯಾರು ಬೇಕಾದ್ರೂ ಕಲೀತಾರೆ. ಪಕ್ಕದಲ್ಲಿ ಇನ್ನೊಂದು ಬಂದು ಕೂತಾಗಲೇ ಕಷ್ಟ ಶುರು.”

“ಮತ್ತೆ ಹ್ಯಾಗೆ ಬಿಡ್ಬೇಕು?”

“ನೀನು ನೀರಿನವಳಲ್ವಾ? ಒಂದೊಂದು ಸಂದಿಗೂ ನೀರು ಸುರಿದೆ ಅಂದ್ಕೋ. ಎಲ್ಲದಕ್ಕೂ ಒಂದೊಂದೇ ಲೋಟ ಹಿಡೀಬೇಕು. ಈ ‘ಇ’, ‘ಆರ್’ ನಡುವೆ ಒಂದು ಲೋಟ, ಸರಿ. ಇಲ್ಲಿ ‘ಎಲ್’, ‘ಎ’ ನಡುವೆ ಒಂದು ಬಕೆಟ್ಟು ಹಿಡಿಯತ್ತೆ.”

“‘ಎಲ್’ನ ಹತ್ತಿರ ತರ್ಲಾ?”

“ತಂದ್ರೆ ಕಾಲಿಗೆ ಕಾಲು ತಾಗತ್ತೆ, ಅಷ್ಟೇ. ಮೇಲೆ ಖಾಲಿ ಹಾಗೇ ಇರತ್ತೆ. ‘ಎಲ್’ಗೆ ಬಲಗಡೆ ಮೇಲೆ ಏನೂ ಇಲ್ಲ. ‘ಎ’ಗೆ ಎಡಗಡೆ ಮೇಲೆ ಏನೂ ಇಲ್ಲ. ಎರಡು ಖಾಲಿ ಎದುರುಬದುರು ಬಂದ್ಬಿಟ್ಟಿದೆ. ಅದನ್ನ ತುಂಬಕ್ಕಾಗಲ್ಲ.”

“ಏನೂ ಮಾಡಕ್ಕಾಗಲ್ವಾ?”

“ಉಳಿದವನ್ನ ಒಂದೊಂಚೂರು ದೂರ ಸರ್ಸು. ಆ ಖಾಲಿಗೆ ತಕ್ಕ ಹಾಗೆ ಇಡೀ ಹೆಸರನ್ನೇ ಸಡಿಲ ಬಿಡು. ಖಾಲಿ ಹೋಗಲ್ಲ. ಕಣ್ಣಿಗೆ ಹೊಡೆಯಲ್ಲ, ಅಷ್ಟೇ.”

ಸರಿ ಎಂದೆ. ಹಲಗೆ ತೆಗೆದುಕೊಳ್ಳಲು ಹೋದಾಗ ಅವರು ಬಗ್ಗಿ ಮುಖ ಹತ್ತಿರ ತಂದರು.

“ಯಾವುದರಲ್ಲಿ ಬರೆದೆ ಇದನ್ನ?”

“ನೈಲಾನ್ ಕುಂಚ.”

“ಅದಕ್ಕೇ ಅಂಚು ಸತ್ತಿದೆ. ಗಸ್‌ದು ಎಂಟನೇ ನಂಬರ್ ಎಲ್ಲೋಯ್ತು?”

“ಡಬ್ಬೀಲಿದೆ.”

“ಮತ್ತೆ? ಅವನ ಗೆರೆ ದಪ್ಪ ಅಂದ್ರೆ ಬೇರೇನಲ್ಲ, ಆ ಕುಂಚದ ಅಗಲ. ಒಂದು ಗೆರೆಗೆ ಒಂದೇ ಎಳೆತ. ನೀನು ಮೂರು ಮೂರು ಸಲ ತಿದ್ದಿದ್ದೀಯ, ಇಲ್ಲಿ ಕಾಣತ್ತೆ. ಅದನ್ನ ತೊಳ್ಕೊಂಡು ಬರಿ.”

“ತೊಳೆಯಲ್ಲ.”

“ಎಣ್ಣೆ ತೆಗೀದೆ ಬಣ್ಣ ಹಿಡಿಯಲ್ಲ ಕಣಮ್ಮಾ.”

“ಗೊತ್ತು. ತೊಳೆಯಲ್ಲ.” ಇಬ್ಬರೂ ನನ್ನನ್ನೇ ನೋಡುತ್ತಿದ್ದರು. “ಅದು ಅವನು ಇಟ್ಟ ಹಾಗೇ ಇದೆ,” ಎಂದೆ.

ನೆವ್ ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅಲ್ಲೂ ಅದು ನಡುಗುತ್ತಿತ್ತು. “ಎಷ್ಟು ದಿನ ಆಯ್ತು?”

“ಎಪ್ಪತ್ತೈದು.”

“ತಿಂಗಳಿಗೊಂದ್ಸಲ ತೊಳೆದು ಹೊಸ ಎಣ್ಣೆ ಹಾಕ್ಬೇಕು. ಹಾಗೇ ಬಿಟ್ರೆ ಎಣ್ಣೆ ಅಂಟಾಗತ್ತೆ, ಆಮೇಲೆ ಗಟ್ಟಿ. ಕೂದಲು ಬುಡದಲ್ಲೇ ಮುರಿಯತ್ತೆ. ಇಟ್ಕೊಂಡ್ರೂ ಉಳಿಯಲ್ಲ, ಹುಡುಗಿ.”

“ಹಾಗಾದ್ರೆ ಸ್ಟಿಕ್ಕರ್ ಆಗ್ಲಿ,” ಎಂದು ರೇಲೀನ್‌ಗೆ ಹೇಳಿ ಹಲಗೆ ಎತ್ತಿಕೊಂಡು ಹೊರಟೆ.

ಅವಳು ಮೆಟ್ಟಿಲ ಮೇಲಿಂದ ಕೂಗಿದಳು. “ಶುಕ್ರವಾರದ ತನಕ ನಾನೇನೂ ಕೇಳಿಸ್ಕೊಂಡಿಲ್ಲ!”

ಭಾನುವಾರ ‘ಒಂದು’ ಎಂಬ ಅಂಕಿಯ ದಿನ. ನೈಲಾನಿನಲ್ಲೇ ಬರೆದು ಹಾಕಿದೆ. ಡಾಲ್ವಾ ಬರೆದಳು: ‘ಒಂದು ನೇರ ಗೆರೆ ಎಳೆಯೋಕೂ ಮರೆತ್ಹೋಯ್ತಾ? ಗಸ್, ನಿಜ ಹೇಳು, ಏನಾಗಿದೆ ನಿಂಗೆ?’

ಈ ಸಲ ಅದರಲ್ಲಿ ಗೇಲಿಯಿರಲಿಲ್ಲ. ನಾನು ಬರೆದೆ: ‘ಗಸ್ ಮೇ ಹದಿನಾಲ್ಕಕ್ಕೆ ತೀರಿಕೊಂಡ. ನಾನು ಅವನ ಹೆಂಡತಿ ನೆರಿಡಾ. ಅವನ ಹೆಸರು ಬರೆಯಲು ಕಲಿಯುತ್ತಿದ್ದೆ. ಮೊದಲೇ ಹೇಳಬೇಕಿತ್ತು.’

ಎರಡು ದಿನ ಅವಳಿಂದ ಏನೂ ಬರಲಿಲ್ಲ. ಮಂಗಳವಾರ ಅವಳ ‘ಮೂರು’ ಬಂತು. ಗೆರೆ ಅಂಕುಡೊಂಕು, ಹೊಟ್ಟೆ ಒಂದು ಕಡೆ ಜೋತುಬಿದ್ದಿತ್ತು. ಅವಳು ಅಂಥದ್ದನ್ನು ಎಂದೂ ಹಾಕಿದವಳಲ್ಲ. ‘ಇವತ್ತು ನಾನೂ ಎಡಗೈಲಿ ಬರೆದೆ. ನಿನ್ನದಕ್ಕಿಂತ ಕೆಟ್ಟದಾಗಿದೆ, ನೋಡು.’ ಕೆಳಗೆ ಕೇಳಿದ್ದಳು: ‘ಹೆಸರು ಬರೆದೆಯಾ?’

‘ಇಲ್ಲ.’

‘ಯಾಕೆ?’

‘ಕುಂಚ.’

‘ಓ. ಎಣ್ಣೆಯಲ್ಲಿದೆಯಾ?’

‘ಹೌದು.’

ಅವಳು ತೊಳೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಗುರುವಾರ, ಆಗಸ್ಟ್ ಒಂದರ ಬೆಳಿಗ್ಗೆ, ಡಬ್ಬಿಯ ಮುಚ್ಚಳ ತೆಗೆದೆ. ನೆವ್ ಹೇಳಿದ್ದು ಸರಿಯಿತ್ತು. ಎಣ್ಣೆ ಕಂದಿತ್ತು. ತೀರ ಸಣ್ಣ ಕುಂಚದ ನಾಲ್ಕೈದು ಕೂದಲು ಬಿಡಿಸಿಕೊಂಡು ಮೇಲೆದ್ದಿದ್ದವು. ಎಂಟನೇ ನಂಬರಿನ ತುದಿ ಪಕ್ಕದ್ದಕ್ಕೆ ತಾಗಿ ಒಂದು ಮಗ್ಗುಲಿಗೆ ಬಾಗಿತ್ತು. ಜೂನ್‌ನಲ್ಲಿ ನಾನು ನೋಡಿದಾಗ ಹಾಗಿರಲಿಲ್ಲ. ಮುಚ್ಚಳದ ಒಳಗೆ, ಯಾರೂ ಮುಟ್ಟದೆ, ಅದು ಅವನ ಬೆರಳನ್ನು ಬಿಟ್ಟುಕೊಡುತ್ತಿತ್ತು.

ಚಿತ್ರ ತೆಗೆಯೋಣ ಎಂದುಕೊಂಡೆ. ತೆಗೆಯಲಿಲ್ಲ. ಅವನ ಹೆಬ್ಬೆರಳಿದ್ದ ಕಡೆ ನನ್ನ ಹೆಬ್ಬೆರಳಿಟ್ಟೆ. ಅಲ್ಲಿ ಜಾಗ ಸ್ವಲ್ಪ ಹೆಚ್ಚಿತ್ತು.

ಜಾಡಿಗೆ ಟರ್ಪಂಟೈನ್ ಸುರಿದು ಕುಂಚವನ್ನು ಒಳಗೆ ಬಿಟ್ಟೆ. ಕೂದಲು ಮೊದಲು ಹಾಗೇ ನಿಂತಿತು, ಆಮೇಲೆ ಅರಳಿತು. ಕಂದು ಎಣ್ಣೆ ನೂಲಿನಂತೆ ಇಳಿದು ತಳಕ್ಕೆ ಹೋಯಿತು. ಕೆಟಲ್ ಒಂದು ಸಲವೂ ಕುದಿದಿರಲಿಲ್ಲ, ಅಷ್ಟರಲ್ಲೇ ಮುಗಿಯಿತು.

ಅಂದಿನ ಅಂಕಿ ಐದು. ಅದರಲ್ಲೇ ಬರೆದೆ. ‘ಆಗಸ್ಟ್ 1. ಐದು. ಅಂಚು ಬಂತು.’ ಸಂಜೆ ಮತ್ತೆ ತೊಳೆದು, ಎಣ್ಣೆಯಲ್ಲಿ ಅದ್ದಿ, ಬೆರಳ ನಡುವೆ ಎಳೆದೆ. ಹತ್ತು ಸಲ ಎಳೆದರೂ ಒಂದು ಮೂಲೆ ಉಳಿಯಿತು. ಡಬ್ಬಿಯಲ್ಲಿ ಉಳಿದವುಗಳ ಪಕ್ಕ ಮಲಗಿಸಿದೆ. ಯಾವುದು ನಾನಿಟ್ಟದ್ದು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ರೇಲೀನ್‌ಗೆ ಸಂದೇಶ ಕಳಿಸಿದೆ: ‘ಸ್ಟಿಕ್ಕರ್ ಬೇಡ.’

‘ಯಾವ ಸ್ಟಿಕ್ಕರ್?’ ಎಂದು ಬಂತು.

ಎಂಟನೇ ತಾರೀಖು ರಜೆ ಹಾಕಿ ಕ್ಲಬ್ಬಿಗೆ ಹೋದೆ. ನೆವ್ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಸೀಮೆಸುಣ್ಣದಲ್ಲಿ ಅಕ್ಷರಗಳ ಜಾಗ ಗುರುತಿಸಿದೆ. ಅಳತೆಪಟ್ಟಿಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆ.

“‘ವಿ’ನ ಇನ್ನೊಂಚೂರು ಬಲಕ್ಕೆ. ಇನ್ನೂ. ಹಾಂ, ಸಾಕು. ‘ಇ’ ಉಸಿರು ಕಟ್ಕೊಂಡಿದೆ, ಬಿಡು ಅದನ್ನ.”

“ಈಗ?”

“ಕಣ್ಣು ಅರೆ ಮುಚ್ಚಿ ನೋಡು. ಏನು ಕಾಣತ್ತೆ?”

“ಲೇವರಿ.”

“ಬರಿ ಹಾಗಾದ್ರೆ. ನನ್ನ ಮುಖ ಏನು ನೋಡ್ತೀಯಾ?”

ಕೈ ಊರಲು ಗಸ್ ಬಳಸುತ್ತಿದ್ದ ಕೋಲನ್ನು ಫಲಕಕ್ಕೆ ಆನಿಸಿದೆ. ಅದರ ತುದಿಯ ಚರ್ಮದ ಉಂಡೆ ಅವನ ಬಣ್ಣಗಳಿಂದ ಮೆತ್ತಿಹೋಗಿತ್ತು. ಗೆರೆ ಎಳೆದಿಟ್ಟವನು ಅವನೇ. ನಾನು ಎರಡು ಬಿಳಿ ಗೆರೆಗಳ ನಡುವೆ ನಡೆದುಹೋಗಬೇಕಿತ್ತು, ಅಷ್ಟೇ. ಮುಕ್ಕಾಲು ಗಂಟೆ ಹಿಡಿಯಿತು. ‘ಆರ್’ನ ಕಾಲು ನನ್ನ ಕೈ ಮೀರಿ ಸ್ವಲ್ಪ ಉದ್ದಕ್ಕೆ ಹೋಯಿತು. ಬಟ್ಟೆಗೆ ಕೈ ಚಾಚಿದೆ. ಕೆಟ್ಟದ್ದನ್ನೂ ಹಾಕು ಎಂದಿತ್ತು ಹಲಗೆಯ ಮೇಲೆ. ಬಟ್ಟೆ ಅಲ್ಲೇ ಬಿಟ್ಟು ‘ವೈ’ ಬರೆದೆ.

ಕೆಳಗಿಳಿದು ದೂರ ನಿಂತು ನೋಡಿದೆವು.

“‘ಆರ್’ನ ಕಾಲು ಉದ್ದ ಆಯ್ತು,” ಎಂದರು ನೆವ್.

“ಗೊತ್ತು.”

“ಗೊತ್ತಿದ್ರೆ ಸರಿ.” ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. “ನಾಳಿದ್ದು ಬಣ್ಣ ಒಣಗಿದ ಮೇಲೆ ಒದ್ದೆ ಬಟ್ಟೇಲಿ ಆ ಪೆನ್ಸಿಲ್ ಗೆರೆ ಒರೆಸ್ಬೇಕು.”

“ರೇಲೀನ್ ಒರೆಸಲಿ.”

“ಆಯ್ತು.”

ಇನ್ನೊಮ್ಮೆ ನೋಡಿದೆ. ‘ಎಲ್’ಗೂ ‘ಎ’ಗೂ ನಡುವಿನ ಖಾಲಿ ಅಲ್ಲೇ ಇತ್ತು. ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ.

ಭಾನುವಾರದ ಸಭೆಯಲ್ಲಿ ಒಂದು ನಿಮಿಷ ಎಲ್ಲರೂ ಎದ್ದು ನಿಂತರು. ಆಮೇಲೆ ಸಾಸೇಜ್ ರೋಲ್, ಚಹಾ. ಹೊಸ ಕ್ಯಾಪ್ಟನ್ ಎಲೆನಿ ನನ್ನ ಹತ್ತಿರ ಬಂದು ಫಲಕದ ಕಡೆ ತಲೆಯೆತ್ತಿ ಅಂದಳು, “ಮುಂದಿನ ವರ್ಷ ನನ್ನ ಹೆಸರು ಕಣೇ, ನೆರಿ. ಕ್ರಿಸ್ಟೊಫಿಡಿಸ್. ಎಷ್ಟುದ್ದ ನೋಡು. ಈಗಿಂದ್ಲೇ ಶುರು ಹಚ್ಕೋ.” ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆನಂತೆ, ರೇಲೀನ್ ಆಮೇಲೆ ಹೇಳಿದಳು.

ಹೊರಡುವಾಗ ನೆವ್ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. “ಉಳಿದ ಐದನ್ನೂ ತೊಳಿ,” ಎಂದರು. “ಈ ವಾರ. ಆಮೇಲೆ ನಂಗೆ ಬೈಬೇಡ.”

ಸೋಮವಾರ ಆರಕ್ಕೆ ಎಚ್ಚರವಾಯಿತು. ಸವಾಲು ಮುಗಿದು ವಾರವಾಗುತ್ತ ಬಂದಿತ್ತು. ಬರೆಯಲು ಅಕ್ಷರ ಉಳಿದಿರಲಿಲ್ಲ. ಕೋಟು ಹಾಕಿಕೊಂಡು ಶೆಡ್ಡಿಗೆ ಹೋಗಿ ಕೆಟಲ್ ಒತ್ತಿದೆ. ಡಬ್ಬಿ ತೆರೆದೆ. ಎಂಟನೇ ನಂಬರ್ ನನ್ನ ಬೆರಳಿನ ಆಕಾರದಲ್ಲಿ, ಸ್ವಲ್ಪ ಸೊಟ್ಟಗೆ ಮಲಗಿತ್ತು. ಅದರ ಪಕ್ಕ ಅವನವು ಐದು.

ಜಾಡಿಗೆ ಟರ್ಪಂಟೈನ್ ಸುರಿದೆ. ಆರನೇ ನಂಬರನ್ನು ಎತ್ತಿಕೊಂಡೆ. ಕೆಟಲ್ ಎರಡನೇ ಸಲ ಕುದಿಯುವ ತನಕ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಆಮೇಲೆ ತೊಳೆದೆ.

ಉಳಿದವನ್ನು ಅಂದೇ ಮುಗಿಸಬಹುದಿತ್ತು. ಒಂದೇ ದಿನ ಎರಡು ಮಾಡಬೇಡ ಎಂದಿತ್ತು ಹಲಗೆಯ ಮೇಲೆ. ಡಬ್ಬಿ ಮುಚ್ಚಿದೆ.

ಇನ್ನೂ ನಾಲ್ಕು ದಿನವಿದೆ.